ಒನ್‌ಲುಕ್: ಅಕ್ಷರಗಳ ಜಾಡು ಹಿಡಿಯುವ ಪದದಾಟಗಾರರಿಗೆ

ಇಂಗ್ಲಿಷ್ ಪದಬಂಧ, ಅಕ್ಷರಬಿಲ್ಲೆಗಳನ್ನು ಜೋಡಿಸುವ ಸ್ಕ್ರ್ಯಾಬಲ್, ಐದಕ್ಷರದ ಪದವನ್ನು ಊಹಿಸುವ ವರ್ಡಲ್ ಆಡುವವರಿಗೆ ನಿಘಂಟಿನ ಅಕಾರಾದಿ ಕ್ರಮ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಅವರು ಹುಡುಕುವುದು ಪದದ ನಡುವೆಯೋ ಕೊನೆಯಲ್ಲೋ ಅಡಗಿರುವ ಅಕ್ಷರಗಳ ಸರಣಿಯನ್ನು. ಅದಕ್ಕೆ ಒದಗುವ ಉಚಿತ ಜಾಲತಾಣ ಒನ್‌ಲುಕ್. ಹಲವು ನಿಘಂಟುಗಳನ್ನು ಒಮ್ಮೆಗೇ ಜಾಲಾಡುವುದು ಅದರ ಮೂಲ ಕೆಲಸವಾದರೂ, ಆಟಗಾರರಿಗೆ ಅದು ಪ್ರಿಯವಾಗಿರುವುದು ಅಕ್ಷರವಿನ್ಯಾಸದ ಹುಡುಕಾಟದಿಂದಾಗಿ.

ಇಲ್ಲಿ ನಕ್ಷತ್ರ ಚಿಹ್ನೆ ಎಷ್ಟು ಅಕ್ಷರಗಳ ಬದಲಿಗಾದರೂ ನಿಲ್ಲುತ್ತದೆ, ಪ್ರಶ್ನಾರ್ಥಕ ಚಿಹ್ನೆ ಒಂದೇ ಅಕ್ಷರದ ಬದಲಿಗೆ. ಎರಡು ನಕ್ಷತ್ರಗಳ ನಡುವೆ ಎರಡು 'ಯು' ಬರೆದರೆ ವ್ಯಾಕ್ಯೂಮ್, ಕಂಟಿನ್ಯುಅಮ್ ಬರುತ್ತವೆ. ಎರಡು 'ಎಚ್' ಬರೆದರೆ ವಿತ್‌ಹೋಲ್ಡ್, ಹಿಚ್‌ಹೈಕ್. 'ಓ, ಯು, ಜಿ, ಎಚ್' ಸರಣಿಯಂತೂ ಟಫ್, ದೋ, ಥ್ರೂ, ಕಾಫ್, ಥಾಟ್‌ಗಳನ್ನು ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಉಚ್ಚಾರದ ಮೂಲಕವೇ ಪದವನ್ನು ನೆನಪಿಗೆ ತಂದುಕೊಳ್ಳುವ ನಮ್ಮಂಥವರಿಗೆ ಈ ಪಟ್ಟಿಯಷ್ಟು ಉಪಕಾರಿಯಾದದ್ದು ಬೇರಿಲ್ಲ, ಏಕೆಂದರೆ ಇವುಗಳ ನಂಟು ಕಿವಿಗೆ ಎಂದೂ ಸಿಗುವುದಿಲ್ಲ.

ವರ್ಡಲ್‌ನಲ್ಲಿ ಇದರ ಬೆಲೆ ಇನ್ನಷ್ಟು ತಿಳಿಯುತ್ತದೆ. ಕೊನೆಯ ನಾಲ್ಕು ಅಕ್ಷರಗಳು 'ಐ, ಜಿ, ಎಚ್, ಟಿ' ಎಂದು ಖಚಿತವಾದಾಗ ಗೆದ್ದೆವೆಂದೇ ಅನ್ನಿಸುತ್ತದೆ. ಆದರೆ ಒನ್‌ಲುಕ್‌ಗೆ ಒಂದು ಪ್ರಶ್ನಾರ್ಥಕವನ್ನೂ ಈ ನಾಲ್ಕನ್ನೂ ಕೊಟ್ಟರೆ ಏಟ್, ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್ ಎಂಬ ಎಂಟು ಪರಿಚಿತ ಪದಗಳು ಎದುರಾಗುತ್ತವೆ. ಆಟ ಕೊಡುವುದು ಒಟ್ಟು 6 ಅವಕಾಶ ಮಾತ್ರ. ಒಂದೊಂದನ್ನೇ ಪರೀಕ್ಷಿಸುವ ಬದಲು ಫಿಲ್ಮ್ಸ್ ಎಂದು ಊಹಿಸಿದರೆ ಎಫ್, ಎಲ್, ಎಂ, ಎಸ್ ನಾಲ್ಕೂ ಒಂದೇ ಏಟಿಗೆ ಇತ್ಯರ್ಥವಾಗುತ್ತವೆ. ಸಿಕ್ಕ ಸುಳಿವುಗಳನ್ನು ಮುಂದಿನ ಊಹೆಗಳಲ್ಲಿ ಬಳಸಲೇಬೇಕಾದ ಕಠಿಣ ಕ್ರಮದಲ್ಲಿ ಆಡುವವರಿಗೆ ಮಾತ್ರ ಈ ದಾರಿ ಮುಚ್ಚಿದೆ.

ಪದಬಂಧದವರಿಗೆ ಇರುವ ಸೌಲಭ್ಯ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮಿಗಿಲಾದದ್ದು: ವಿನ್ಯಾಸದ ನಂತರ ಕೋಲನ್ ಹಾಕಿ ಅರ್ಥದ ಸುಳಿವನ್ನೂ ಸೇರಿಸಬಹುದು. 'ಬಿ, ಎಲ್' ಹಾಗೂ ನಕ್ಷತ್ರದ ಬಳಿಕ ಕೋಲನ್ ಇಟ್ಟು ಸ್ನೋ ಎಂದು ಬರೆದರೆ ಬ್ಲಿಝರ್ಡ್ ದೊರೆಯುತ್ತದೆ. ಸ್ವರಕ್ಕೂ ವ್ಯಂಜನಕ್ಕೂ ಬೇರೆ ಬೇರೆ ಚಿಹ್ನೆಗಳಿವೆ. ಕೊನೆಯಲ್ಲಿ ಕಳೆಯುವ ಚಿಹ್ನೆಯಿಟ್ಟು ಬೇಡದ ಅಕ್ಷರವನ್ನು ಹೊರಗಿಡಲೂಬಹುದು. 'ಯು' ಇಲ್ಲದ 'ಕ್ಯೂ' ಪದಗಳನ್ನು ಕೇಳಿದರೆ ನಮ್ಮ ಫಕೀರನೂ ಕವ್ವಾಲಿಯೂ ಅಲ್ಲಿ ಹಾಜರು.

ಸ್ಕ್ರ್ಯಾಬಲ್ ಆಟಗಾರರು ಮಾತ್ರ ಇದನ್ನು ತೀರ್ಪುಗಾರನೆಂದು ಭಾವಿಸಬಾರದು. ಅಂಕಿತನಾಮಗಳೂ ಪದಗುಚ್ಛಗಳೂ ಫಲಿತಾಂಶದಲ್ಲಿ ಬೆರೆತು ಬರುತ್ತವೆ. ಸಾಲಾಗಿ ಆರು ವ್ಯಂಜನಗಳಿರುವ ಪದಗಳನ್ನು ಹುಡುಕುವವರಿಗೆ ಕ್ಯಾಚ್‌ಫ್ರೇಸ್ ಜೊತೆಗೆ ಲಂಡನ್ನಿನ ಬಡಾವಣೆ ನೈಟ್ಸ್‌ಬ್ರಿಜ್ ಕೂಡ ಸಿಕ್ಕೀತು. ಮೊದಲನೆಯದು ಆಟದಲ್ಲಿ ಸಲ್ಲುತ್ತದೆ, ಎರಡನೆಯದು ಸಲ್ಲದು. ಭಾರತದ ಸ್ಪರ್ಧೆಗಳಲ್ಲಿ ನಡೆಯುವುದು ಕಾಲಿನ್ಸ್ ಪದಪಟ್ಟಿಯಾದ್ದರಿಂದ, ಇಲ್ಲಿ ಕಂಡುಕೊಂಡ ಪ್ರತಿಯೊಂದು ಪದವನ್ನೂ ಅದರೊಂದಿಗೆ ತಾಳೆ ನೋಡಿಯೇ ಕಂಠಪಾಠಕ್ಕೆ ಇಳಿಯುವುದು ಒಳಿತು.