ಸರ್ವೀಸ್‌ಗೆ ಬಿಟ್ಟ ಕಾರನ್ನು ಡೀಲರ್ ಗೀಚಿದರೆ: ಅವರದೇ ರಿಪೇರಿ, ಇನ್ಶೂರೆನ್ಸ್, ದೂರು, ಇಲ್ಲಾ ಕೈಗೆ ದುಡ್ಡು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ದುಡ್ಡಿಗೆ. ಡೀಲರ್ ಕೈಯಲ್ಲಿ ಕಾರು ಹಾಳಾದರೆ ರಿಪೇರಿಗೆ ಎಷ್ಟಾಗುತ್ತದೋ ಅಷ್ಟನ್ನು ಬ್ಯಾಂಕ್ ಖಾತೆಗೆ ಹಾಕಿಸಿಕೊಂಡು, ನಮಗೆ ಪರಿಚಯ ಇರುವ ಪೇಂಟರ್ ಹತ್ತಿರ ಮಾಡಿಸುವುದೇ ವಾಸಿ. ಉಳಿದ ದಾರಿಗಳು ಕೆಟ್ಟವು ಅಂತಲ್ಲ. ಆದರೆ ಒಂದೊಂದರಲ್ಲೂ ಒಂದೊಂದು ಕೊಕ್ಕೆ ಇದೆ, ಒಳಗೆ ಹೋದ ಮೇಲೇ ಅದು ಗೊತ್ತಾಗುವುದು.

ನನ್ನದು ಗ್ರೇ ಮೆಟಾಲಿಕ್ ಬಣ್ಣದ ಹ್ಯಾಚ್‌ಬ್ಯಾಕ್. ದಸರಾ ಹತ್ತಿರ ಬಂದಿತ್ತು, ಆಯುಧ ಪೂಜೆಗೆ ಮುಂಚೆ ಸರ್ವೀಸ್ ಮುಗಿಸೋಣ ಅಂತ ಮೈಸೂರಿನ ಅಧಿಕೃತ ಡೀಲರ್ ಒಬ್ಬರ ಹತ್ತಿರ ಬಿಟ್ಟಿದ್ದೆ. ಆ ವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಊರಿನ ಕಾರೆಲ್ಲಾ ಅಲ್ಲೇ ಇರುತ್ತವೆ. ಸಂಜೆ ಕಾರು ಕೊಟ್ಟಾಗ ಇನ್ನೂ ನೀರು ಸೋರುತ್ತಿತ್ತು. ಬಲಗಡೆ ಹಿಂದಿನ ಬಾಗಿಲಿಂದ ಶುರುವಾಗಿ ಚಕ್ರದ ಮೇಲಿನ ಭಾಗದವರೆಗೆ ಮೊಳದುದ್ದ ಗೀರು, ನಡುವೆ ಅಂಗೈಯಗಲ ತಗ್ಗು. ಕಾರು ತೆಗೆದುಕೊಂಡು ವಾಪಸ್ ಕೊಡುವ ಸರ್ವೀಸ್ ಅಡ್ವೈಸರ್ "ಇದು ಮೊದಲೇ ಇತ್ತು ಸರ್" ಎಂದರು. ಗೀರಿನ ಒಳಗೆ ಹಳದಿ ಬಣ್ಣ ಅಂಟಿಕೊಂಡಿತ್ತು. ವಾಶಿಂಗ್ ಮಾಡುವ ಜಾಗದ ಬಾಗಿಲಲ್ಲಿ ಹಳದಿ ಕಪ್ಪು ಪಟ್ಟೆ ಬಳಿದ ಕಂಬ ಇದೆ, ಹೋಗಿ ನೋಡಿದರೆ ಅದರ ಮೇಲೆ ಅದೇ ಎತ್ತರದಲ್ಲಿ ನನ್ನ ಕಾರಿನ ಗ್ರೇ. ಬೆಳಿಗ್ಗೆ ಕಾರು ಬಿಡುವಾಗ ಬರೆದುಕೊಳ್ಳುವ ಜಾಬ್ ಕಾರ್ಡ್‌ನ ಕಾರಿನ ಚಿತ್ರದ ಮೇಲೆ ಅವರೇ ಗುರುತು ಹಾಕಿದ್ದು ಮುಂದಿನ ಬಂಪರ್‌ನ ಒಂದು ಗೀರು ಮಾತ್ರ. ಕಂಬದ್ದು, ಕಾರಿನದು, ಜಾಬ್ ಕಾರ್ಡ್‌ನದು ಎಲ್ಲಾ ಫೋಟೋ ತೆಗೆದ ಮೇಲೆ ಮಾತು ಬದಲಾಯಿತು. "ಹೋಗ್ಲಿ ಬಿಡಿ ಸರ್, ಏನಾದರೂ ಮಾಡೋಣ." ಏನಾದರೂ ಅಂದರೆ ಏನು ಅನ್ನುವುದೇ ಇಲ್ಲಿಂದ ಮುಂದಿನ ಕಥೆ.

ಮೊದಲು ಬಂದ ಸಲಹೆ ಇನ್ಶೂರೆನ್ಸ್. "ಕ್ಲೇಮ್ ಹಾಕಿಬಿಡೋಣ ಸರ್, ನಿಮಗೆ ಒಂದು ಪೈಸೆ ಖರ್ಚಿಲ್ಲ." ಯಾರ ಇನ್ಶೂರೆನ್ಸ್? ನನ್ನದು! ಅವರ ಹುಡುಗ ಕಂಬಕ್ಕೆ ಗುದ್ದಿದ್ದಕ್ಕೆ ನನ್ನ ಪಾಲಿಸಿ. ಕ್ಲೇಮ್ ಇಲ್ಲದೆ 4 ವರ್ಷ ಕಳೆದರೆ ನಮ್ಮದೇ ಕಾರಿನ ಹಾನಿಗೆ ಕಟ್ಟುವ ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ 45% ನೋ ಕ್ಲೇಮ್ ಬೋನಸ್, ಅಂದರೆ ರಿಯಾಯಿತಿ, ಸಿಗುತ್ತದೆ, 5ಕ್ಕೆ 50%. ಒಂದೇ ಒಂದು ಕ್ಲೇಮ್ ಹಾಕಿದರೆ ಅದು ಸೊನ್ನೆಗೆ ಇಳಿಯುತ್ತದೆ, ಮತ್ತೆ 20ರಿಂದ ಹತ್ತಬೇಕು. ನಾನಿದ್ದದ್ದು 45ರಲ್ಲಿ. ಅದರ ಮೇಲೆ 1500 ಸಿಸಿ ತನಕದ ಕಾರಿಗೆ ಪ್ರತಿ ಕ್ಲೇಮ್‌ಗೆ ಕಡ್ಡಾಯವಾಗಿ ಕೈಯಿಂದ 1,000 ರೂಪಾಯಿ ಬೇರೆ. ಇನ್ನೂ ದೊಡ್ಡ ತಲೆನೋವು ಕ್ಲೇಮ್ ಫಾರ್ಮ್. ಅಪಘಾತ ಎಲ್ಲಾಯಿತು, ಓಡಿಸುತ್ತಿದ್ದವರು ಯಾರು ಅಂತ ಅದರಲ್ಲಿ ಬರೆಯಬೇಕು. "ಮನೆ ಗೇಟಿಗೆ ತಾಗಿತು ಅಂತ ಹಾಕ್ತೀವಿ ಸರ್, ಎಲ್ಲರೂ ಹಾಗೇ ಮಾಡೋದು" ಎಂದರು. ಆ ಸುಳ್ಳಿನ ಕೆಳಗೆ ಸಹಿ ಹಾಕಬೇಕಾದವನು ನಾನು. ತಮ್ಮ ಆವರಣದಲ್ಲಿರುವ ಗಿರಾಕಿಗಳ ಗಾಡಿಗಳಿಗಾಗಿಯೇ ಡೀಲರ್‌ಗಳು ತೆಗೆದುಕೊಳ್ಳಬಹುದಾದ ಮೋಟಾರ್ ಟ್ರೇಡ್ ಪಾಲಿಸಿ ಅಂತ ಒಂದಿದೆ, ಅದರಲ್ಲಿ ಮಾಡಿಸಿ ಎಂದೆ. ಅಡ್ವೈಸರ್ ಅದರ ಹೆಸರು ಕೇಳಿದಂತೆ ಕಾಣಲಿಲ್ಲ. ಇನ್ಶೂರೆನ್ಸ್ ಅಲ್ಲಿಗೆ ಔಟ್.

ಎರಡನೆಯದು ಎಲ್ಲರೂ ಒಪ್ಪಿಕೊಳ್ಳುವ ದಾರಿ, ಅವರ ಬಾಡಿ ಶಾಪ್‌ನಲ್ಲೇ ಫ್ರೀ ರಿಪೇರಿ. ಕೇಳಲು ಚೆನ್ನಾಗಿದೆ. ಕಂಪನಿ ಪೇಂಟ್, ಧೂಳು ಬರದಂತೆ ಮುಚ್ಚಿದ ಕಂಪನಿ ಪೇಂಟ್ ಬೂತ್, ದುಡ್ಡಿಲ್ಲ. ನಾನೂ ಒಪ್ಪಿ ಕಾರು ಬಿಟ್ಟೆ. ಹಬ್ಬಕ್ಕೆ ಮುಂಚೆ ಕೊಟ್ಟೂ ಬಿಟ್ಟರು, ಆ ಮಟ್ಟಿಗೆ ಮಾತು ಉಳಿಸಿಕೊಂಡರು. ಡೆಲಿವರಿ ಮತ್ತೆ ಕತ್ತಲಾದ ಮೇಲೆ, ಟ್ಯೂಬ್‌ಲೈಟ್ ಕೆಳಗೆ. ಚೆನ್ನಾಗೇ ಕಾಣಿಸಿತು.

ಪೂಜೆಯ ದಿನ ಬೆಳಿಗ್ಗೆ ಕಾರು ತೊಳೆದು ಅಂಗಳದಲ್ಲಿ ಬಿಸಿಲಿಗೆ ನಿಲ್ಲಿಸಿದರೆ ಹಿಂದಿನ ಬಾಗಿಲು ಬೇರೆಯೇ ಕಾರಿನದು. ಮುಂದಿನ ಬಾಗಿಲು ಬೂದು, ಹಿಂದಿನದು ಸ್ವಲ್ಪ ನೀಲಿ ಬೆರೆತ ಬೂದು. ನೇರ ನಿಂತರೆ ಹಿಂದಿನದು ತಿಳಿ, ಓರೆಯಾಗಿ ನೋಡಿದರೆ ಅದೇ ಗಾಢ. ಹೊಸ ಪಂಚೆಗೆ ಹಳೇ ಟವೆಲ್ ತೇಪೆ ಹಾಕಿದ ಹಾಗೆ. ಬಾಗಿಲ ಕಪ್ಪು ರಬ್ಬರ್ ಮೇಲೆ ಗ್ರೇ ಧೂಳು ಕೂತಿತ್ತು, ಉಗುರಲ್ಲಿ ಕೆರೆದರೆ ಏಳುತ್ತಿತ್ತು. ಮಾಸ್ಕಿಂಗ್ ಟೇಪ್ ಸರಿಯಾಗಿ ಅಂಟಿಸದೆ ಸ್ಪ್ರೇ ಹೊಡೆದಿದ್ದಾರೆ ಅಂತ ಅರ್ಥ. ಬಾಗಿಲು ತೆಗೆದು ಒಳ ಅಂಚಲ್ಲಿ ಬೆರಳಾಡಿಸಿದರೆ ಹೊಸ ಪೇಂಟ್ ನಿಂತ ಗೆರೆ ಕೈಗೆ ಸಿಗುತ್ತಿತ್ತು.

ವಾಪಸ್ ಹೋಗಿ ಕೇಳಿದರೆ "ಪೇಂಟ್ ಕೋಡ್ ಅದೇ ಸರ್, ಕಂಪನಿದೇ, ಬೇಕಾದರೆ ಡಬ್ಬ ತೋರಿಸ್ತೀವಿ." ಡಬ್ಬ ಸರಿಯೇ ಇರಬಹುದು. ಮೆಟಾಲಿಕ್ ಪೇಂಟ್‌ನಲ್ಲಿ ಅಲ್ಯೂಮಿನಿಯಂನ ಸಣ್ಣ ಸಣ್ಣ ಚೂರುಗಳಿರುತ್ತವೆ, ಅವು ಯಾವ ಕೋನದಲ್ಲಿ ಮಲಗುತ್ತವೆ ಅನ್ನುವುದರ ಮೇಲೆ ಬಣ್ಣ ಕಾಣುತ್ತದೆ. ಸ್ಪ್ರೇ ಗನ್ನಿನ ಗಾಳಿಯ ಒತ್ತಡ, ದೂರ, ಎಷ್ಟು ತೆಳ್ಳಗೆ ಹೊಡೆದರು ಅನ್ನುವುದು ಬದಲಾದರೆ ಅದೇ ಡಬ್ಬದ ಪೇಂಟ್ ಬೇರೆ ಕಾಣುತ್ತದೆ. ಸಾಲದ್ದಕ್ಕೆ ಬಿಸಿಲಲ್ಲಿ ವರ್ಷಗಟ್ಟಲೆ ನಿಂತ ಕಾರಿನ ಬಣ್ಣ ಹೊಸದರಲ್ಲಿ ಇದ್ದಂತೆ ಇರುವುದಿಲ್ಲ. ಅದಕ್ಕೇ ತಿಳಿದವರು ಒಂದು ಪ್ಯಾನೆಲ್ (ಬಾಗಿಲಿನಂಥ ಬಾಡಿಯ ಒಂದು ಭಾಗ) ಪೇಂಟ್ ಮಾಡುವಾಗ ಪಕ್ಕದ ಪ್ಯಾನೆಲ್ ಮೇಲೂ ಬಣ್ಣವನ್ನು ಸ್ವಲ್ಪ ಸ್ವಲ್ಪವೇ ತೆಳುವಾಗಿಸಿಕೊಂಡು ಹೋಗಿ, ಆಮೇಲೆ ಎರಡರ ಮೇಲೂ ಪೂರ್ತಿ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಹೊಳಪಿನ ಪದರ, ಹೊಡೆಯುತ್ತಾರೆ. ಹಾಗೆ ಮಾಡಿದರೆ ಕಣ್ಣಿಗೆ ಗಡಿ ಸಿಗುವುದಿಲ್ಲ. ಇವರು ಬಾಗಿಲ ಗಡಿಗೇ ನಿಲ್ಲಿಸಿದ್ದರು. ಫ್ರೀ ಕೆಲಸ ನೋಡಿ, ಇನ್ನೊಂದು ಪ್ಯಾನೆಲ್‌ಗೆ ಕ್ಲಿಯರ್ ಕೋಟ್ ಯಾರು ಖರ್ಚು ಮಾಡುತ್ತಾರೆ?

ನನಗೆ ಆಮೇಲೆ ಅರ್ಥವಾದದ್ದು ಇಷ್ಟೇ. ಇನ್ಶೂರೆನ್ಸ್ ಕಂಪನಿ ದುಡ್ಡು ಕೊಡುವ ಕೆಲಸವನ್ನು ಬಾಡಿ ಶಾಪ್ ಒಂದು ರೀತಿ ಮಾಡುತ್ತದೆ, ತನ್ನ ಕೈಯಿಂದ ಹಾಕಿ ಮಾಡುವ ಕೆಲಸವನ್ನು ಇನ್ನೊಂದು ರೀತಿ ಮಾಡುತ್ತದೆ. ಇನ್ನು ಕಂಪನಿ ಪೇಂಟ್ ಅನ್ನುವ ಮಾತು. ಕಾರ್ಖಾನೆಯಲ್ಲಿ ಪೇಂಟ್ ಹೊಡೆದ ಬರೀ ಲೋಹದ ಬಾಡಿಯನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ವರ್ಕ್‌ಶಾಪ್‌ನಲ್ಲಿ ವೈರು, ಪ್ಲಾಸ್ಟಿಕ್, ಸೀಟು ಎಲ್ಲಾ ಇರುವ ಕಾರನ್ನು ಹಾಗೆ ಬೇಯಿಸಲು ಆಗಲ್ಲ, 60 ಡಿಗ್ರಿ ಆಸುಪಾಸಿನಲ್ಲಿ ಒಣಗಿಸುತ್ತಾರೆ. ಅಂದರೆ ಕಂಪನಿ ಬೂತ್ ಆದರೂ ಕಂಪನಿ ಪೇಂಟ್ ವಾಪಸ್ ಬರುವುದಿಲ್ಲ. ಒಳ್ಳೆ ಬೂತ್ ಇರುವ ಯಾರು ಮಾಡಿದರೂ ಹೆಚ್ಚು ಕಡಿಮೆ ಅದೇ ಕೆಲಸ, ವ್ಯತ್ಯಾಸ ಇರುವುದು ಗನ್ ಹಿಡಿದವನ ಕೈಯಲ್ಲಿ.

ಇನ್ನೊಂದು ಸಲ ಮಾಡಿಕೊಡುತ್ತೇವೆ ಎಂದರು. ಬೇಡ ಎಂದೆ. ಟೆಫ್ಲಾನ್ ಕೋಟಿಂಗ್ ಫ್ರೀ ಎಂದರು. ಅದೂ ಬೇಡ.

ಮೂರನೆಯದು ಕಾರು ತಯಾರಿಸುವ ಕಂಪನಿಗೆ ದೂರು. ಟೋಲ್ ಫ್ರೀ ನಂಬರ್‌ಗೆ ಫೋನ್ ಮಾಡಿದರೆ ಬಹಳ ಮರ್ಯಾದೆಯಿಂದ ಮಾತಾಡಿ ಒಂದು ದೂರಿನ ಸಂಖ್ಯೆ ಕೊಟ್ಟರು. ಆ ದೂರು ಎಲ್ಲಿಗೆ ಹೋಯಿತು ಗೊತ್ತಾ? ಅದೇ ಡೀಲರ್‌ಗೆ. ಅದೇ ಅಡ್ವೈಸರ್ ಫೋನ್ ಮಾಡಿ "ಸರ್, ಕಂಪ್ಲೇಂಟ್ ಹಾಕಿದ್ದೀರಂತೆ" ಎಂದ. ಡೀಲರ್ ಬೇರೆ ಸಂಸ್ಥೆ, ಸರ್ವೀಸ್‌ಗೆ ಅವರೇ ಜವಾಬ್ದಾರರು ಅನ್ನುವುದು ಕಂಪನಿಯ ಖಾಯಂ ಉತ್ತರ. ಆದರೆ ಈ ದಾರಿ ಪೂರ್ತಿ ದಂಡ ಅನ್ನಲಾರೆ. ಸರ್ವೀಸ್ ಆದ ಮೇಲೆ ಕಂಪನಿಯಿಂದ ಬರುತ್ತದಲ್ಲ ಫೀಡ್‌ಬ್ಯಾಕ್ ಕಾಲ್, "10ಕ್ಕೆ 10 ಕೊಡಿ ಸರ್" ಅಂತ ಅಡ್ವೈಸರ್‌ಗಳು ಕೈಮುಗಿದು ಕೇಳುವುದು, ಅವರಿಗೆ ನಿಜವಾಗಿ ಬಿಸಿ ತಾಗುವುದು ಅಲ್ಲೇ. ನಾನು ಆ ಕಾಲ್‌ನಲ್ಲಿ ಕಂಬದ ಕಥೆಯನ್ನೆಲ್ಲಾ ಹೇಳಿ ಕಡಿಮೆ ಅಂಕ ಕೊಟ್ಟೆ. ಅದಾದ ಮೇಲೇ ಸರ್ವೀಸ್ ಮ್ಯಾನೇಜರ್ ಖುದ್ದಾಗಿ ಫೋನ್ ಮಾಡಿದ್ದು.

1915ಕ್ಕೂ ಮಾಡಿದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ದೂರು ದಾಖಲಿಸಿ ಡೀಲರ್ ಕಡೆಯವರಿಗೆ ಕಳಿಸುತ್ತಾರೆ, ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ದಾಖಲೆಗೆ ಒಳ್ಳೆಯದು, ಅಷ್ಟೇ.

ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ನಾನು ಹತ್ತಲಿಲ್ಲ, ಆದರೆ ಹತ್ತುತ್ತೇನೆ ಅಂತ ತೋರಿಸಬೇಕಾಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ಇರುವ ಊರಲ್ಲೇ ದೂರು ಹಾಕಬಹುದು, ನಾವು ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, 2 ವರ್ಷದ ಒಳಗೆ ಹಾಕಿದರೆ ಆಯಿತು. ಕಾಗದದ ಮೇಲೆ ಬಹಳ ಚೆಂದ. ಪರೀಕ್ಷೆಗೆ ಕಳಿಸುವಂಥದ್ದು ಇಲ್ಲದಿದ್ದರೆ 3 ತಿಂಗಳಲ್ಲಿ ಮುಗಿಸಬೇಕು ಅಂತಲೂ ಇದೆ, ಆದರೆ ಹೋಗಿ ಬಂದವರನ್ನು ಕೇಳಿದರೆ ನಗುತ್ತಾರೆ. ಒಂದು ಬಾಗಿಲ ಪೇಂಟ್‌ಗೋಸ್ಕರ ರಜೆ ಹಾಕಿಕೊಂಡು ಅಲೆಯುವ ಜಾಯಮಾನ ನನ್ನದಲ್ಲ. ಎಂಜಿನ್ನೇ ಹಾಳು ಮಾಡಿದ್ದರೆ ಮಾತು ಬೇರೆ.

ಮ್ಯಾನೇಜರ್ ಜಾಬ್ ಕಾರ್ಡ್ ತಿರುಗಿಸಿ ಹಿಂದೆ ಸಣ್ಣ ಅಕ್ಷರದಲ್ಲಿದ್ದ ಸಾಲು ತೋರಿಸಿದರು, ವಾಹನಕ್ಕೆ ಏನಾದರೂ ಆದರೆ ಮಾಲೀಕರೇ ಹೊಣೆ ಅಂತ. ಇಲ್ಲಿ ಓದಿಕೊಂಡು ಹೋಗಿದ್ದು ಉಪಯೋಗಕ್ಕೆ ಬಂತು. ನಮ್ಮ ವಸ್ತುವನ್ನು ಒಬ್ಬರ ವಶಕ್ಕೆ ಕೊಟ್ಟಾಗ ಸಾಮಾನ್ಯ ವಿವೇಕ ಇರುವ ಮನುಷ್ಯ ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನವನ್ನು ಅವರು ಮಾಡಬೇಕು ಅಂತ 1872ರ ಕರಾರು ಕಾಯ್ದೆಯ 151ನೇ ಸೆಕ್ಷನ್ ಹೇಳುತ್ತದೆ. ದೆಹಲಿಯ ತಾಜ್ ಮಹಲ್ ಹೋಟೆಲ್‌ನಲ್ಲಿ ಪಾರ್ಕ್ ಮಾಡಲು ವ್ಯಾಲೆ ಸಿಬ್ಬಂದಿಗೆ ಕೊಟ್ಟ ಕಾರು ಕಳುವಾದ ಕೇಸ್‌ನಲ್ಲೂ ಚೀಟಿ ಮೇಲೆ ಇಂಥದ್ದೇ ಸಾಲಿತ್ತು. ತಮ್ಮ ಸಿಬ್ಬಂದಿಯ ಅಜಾಗರೂಕತೆಗೆ ಆ ಸಾಲು ತೋರಿಸಿ ತಪ್ಪಿಸಿಕೊಳ್ಳಲು ಆಗಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇವೆರಡನ್ನೂ ಫೋಟೋಗಳ ಜೊತೆ ಇಮೇಲ್‌ನಲ್ಲಿ ಬರೆದು ಕಂಪನಿಯ ವಲಯ ಕಚೇರಿಗೂ ಪ್ರತಿ ಹಾಕಿದೆ. ವಾಟ್ಸಾಪ್‌ನಲ್ಲಿ ಬರೀ "ಓಕೆ ಸರ್" ಬರುತ್ತಿತ್ತು, ಇಮೇಲ್‌ಗೆ ಉತ್ತರ ಬಂತು.

ದುಡ್ಡಿನ ಮಾತು ಶುರುವಾದದ್ದು ಆಗ. ಅವರದೇ ಬಾಡಿ ಶಾಪ್‌ನಿಂದ ಎರಡು ಪ್ಯಾನೆಲ್‌ಗೆ ಎಸ್ಟಿಮೇಟ್ ಕೇಳಿದೆ, 18% ಜಿಎಸ್‌ಟಿ ಸೇರಿ 11,800 ಬಂತು. ಹೊರಗಿನ ಗಿರಾಕಿಗೆ ಅಷ್ಟಾದರೆ ನನಗೂ ಅಷ್ಟೇ ಅಲ್ವಾ? ಮುಂದಿನ ಸರ್ವೀಸ್ ಬಿಲ್‌ನಲ್ಲಿ ಕಳೆಯುತ್ತೇವೆ ಎಂದರು, ಒಪ್ಪಲಿಲ್ಲ. ಮುಂದಿನ ಸರ್ವೀಸ್‌ಗೆ ಅಲ್ಲಿಗೇ ಬರಬೇಕಾಗುತ್ತದಲ್ಲ! ಚೌಕಾಸಿ ಆಗಿ 9,500ಕ್ಕೆ ನಿಂತಿತು. ಇಲ್ಲೊಂದು ಕೊಕ್ಕೆ: ಇನ್ನು ಯಾವುದೇ ತಕರಾರಿಲ್ಲ ಅಂತ ಒಂದು ಪತ್ರಕ್ಕೆ ಸಹಿ ಕೇಳುತ್ತಾರೆ. ದುಡ್ಡು ಖಾತೆಗೆ ಬಿದ್ದ ಮೆಸೇಜ್ ನೋಡಿಯೇ ಸಹಿ ಹಾಕಿ, ಅದರಲ್ಲಿ ಯಾವ ಎರಡು ಪ್ಯಾನೆಲ್ ಅನ್ನುವುದನ್ನು ಬರೆಸಿ. ಸುಮ್ನೆ "ಎಲ್ಲಾ ಸರಿ ಇದೆ" ಅಂತ ಬರೆದುಕೊಟ್ಟರೆ ನಾಳೆ ಅದೇ ಕಂಬ ಬೇರೆ ಕಡೆ ತಾಗಿದ್ದು ಕಂಡರೂ ಕೇಳುವ ಹಾಗಿಲ್ಲ.

ನಮ್ಮ ಪೇಂಟರ್ ಮೇಟಗಳ್ಳಿ ಕಡೆಯವರು, ಸಣ್ಣ ಶೆಡ್, ಆದರೆ ಸ್ವಂತ ಬೂತ್ ಇದೆ. ಅವರು ಡಬ್ಬದ ಕೋಡ್ ನೋಡಲೇ ಇಲ್ಲ. ಎಡಗಡೆಯ ಪೆಟ್ರೋಲ್ ಮುಚ್ಚಳ ಬಿಚ್ಚಿಕೊಂಡು ಪೇಂಟ್ ಮಿಕ್ಸಿಂಗ್ ಅಂಗಡಿಗೆ ಹೋದರು, ಅದು ಇನ್ನೂ ಕಾರ್ಖಾನೆ ಬಣ್ಣ ಮತ್ತು ಕಾರಿನಷ್ಟೇ ಬಿಸಿಲು ಕಂಡಿದೆ ಅಂತ. ಒಂದು ಸಣ್ಣ ತಗಡಿಗೆ ಹೊಡೆದು ಒಣಗಿಸಿ ಹೊರಗೆ ತಂದು ಮುಚ್ಚಳದ ಪಕ್ಕ ಹಿಡಿದರು, ತಲೆ ಅಲ್ಲಾಡಿಸಿ ಒಳಗೆ ಹೋದರು, ಒಂದೆರಡು ಹನಿ ಕಪ್ಪು ಸೇರಿಸಿ ಮತ್ತೆ ತಗಡು. ಡೀಲರ್ ಹೊಡೆದಿದ್ದನ್ನು ಪೂರ್ತಿ ಉಜ್ಜಿ ತೆಗೆದರು, ಒಳಗೆ ಪುಟ್ಟಿ ದಪ್ಪ ಇತ್ತು, ತಗ್ಗನ್ನು ಎಳೆದು ಸರಿ ಮಾಡದೆ ತುಂಬಿಬಿಟ್ಟಿದ್ದರು. ಮುಂದಿನ ಬಾಗಿಲಿಗೂ ಕ್ಲಿಯರ್ ಕೋಟ್ ಹೋಯಿತು. ತೆಗೆದುಕೊಂಡದ್ದು 7,500. ಮಧ್ಯಾಹ್ನದ ಬಿಸಿಲಲ್ಲಿ ಕಾರು ಕೊಟ್ಟರು, ನಾನು ಕೇಳುವ ಮುಂಚೆಯೇ. ತೀರಾ ಹತ್ತಿರ ಬಗ್ಗಿ ನೋಡಿದರೆ ಕ್ಲಿಯರ್ ಕೋಟ್‌ನಲ್ಲಿ ಒಂದು ಧೂಳಿನ ಕಣ ಇದೆ, ಇರಲಿ.

ಇದು ಎಲ್ಲರಿಗೂ ಆಗಿಬರುತ್ತದೆ ಅನ್ನಲಾರೆ. ಕಾರು ಇನ್ನೂ ವಾರಂಟಿಯಲ್ಲಿದ್ದು ತುಕ್ಕಿನ ವಾರಂಟಿಯೂ ಇದ್ದರೆ ಹೊರಗಿನ ಪೇಂಟ್ ನೆಪ ಮಾಡಿಕೊಂಡು ಕಂಪನಿ ಆಮೇಲೆ ಕೈ ಎತ್ತಬಹುದು, ಅಂಥವರು ಡೀಲರ್ ಹತ್ತಿರವೇ ಮಾಡಿಸಲಿ. ಮಾಡಿಸಿದರೆ ಪಕ್ಕದ ಪ್ಯಾನೆಲ್‌ಗೆ ಬಣ್ಣ ಬೆರೆಸುವುದನ್ನು ಮತ್ತು ಡೆಲಿವರಿ ಹಗಲಲ್ಲೇ ಅನ್ನುವುದನ್ನು ಮೊದಲೇ ಬರೆಸಿಕೊಳ್ಳಿ. ಬಿಳಿ ಕಾರು, ಅದೂ ಮುತ್ತಿನ ಹೊಳಪಿಲ್ಲದ ಸಾದಾ ಬಿಳಿ ಇದ್ದರೆ ಈ ಬಣ್ಣದ ರಗಳೆ ಅರ್ಧಕ್ಕರ್ಧ ಕಡಿಮೆ. ವರ್ಷ ಎರಡು ವರ್ಷದಲ್ಲಿ ಮಾರುವವರಿಗೂ ಇಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ, ಹಳೇ ಕಾರು ಕೊಳ್ಳುವವರು ಪೇಂಟ್ ದಪ್ಪ ಅಳೆಯುವ ಮೀಟರ್ ಇಟ್ಟ ತಕ್ಷಣ ಯಾರು ಬಳಿದರೂ ಸಿಕ್ಕಿಬೀಳುತ್ತದೆ, ಬೆಲೆ ಇಳಿಸುವುದು ಇಳಿಸಿಯೇ ಇಳಿಸುತ್ತಾರೆ. ನಾನು ಕಾರು ಓಡುವ ತನಕ ಇಟ್ಟುಕೊಳ್ಳುವವನು, ಭಾನುವಾರ ಕೈಯಾರೆ ತೊಳೆಯುವವನು, ಬಾಗಿಲ ಬಣ್ಣ ಬೇರೆ ಇದ್ದರೆ ನನಗೆ ಪ್ರತಿ ವಾರ ಉರಿಯುತ್ತದೆ.

ಈಗಲೂ ಎಂಜಿನ್ ಕೆಲಸಕ್ಕೆ ಅಧಿಕೃತ ಸರ್ವೀಸ್‌ಗೇ ಹೋಗುತ್ತೇನೆ, ಊರಲ್ಲಿ ಇನ್ನೊಬ್ಬ ಡೀಲರ್ ಇದ್ದಾರೆ. ಬಿಡುವಾಗ ಕಾರಿನ ಸುತ್ತ ಒಂದು ವೀಡಿಯೋ, ಜಾಬ್ ಕಾರ್ಡ್ ಮೇಲೆ ದೊಡ್ಡದಾಗಿ "ವಾಶಿಂಗ್ ಬೇಡ". ಫ್ರೀ ಇದೆ ಸರ್ ಅನ್ನುತ್ತಾರೆ. ಬೇಡಪ್ಪಾ.