ಜೇಬಿನಲ್ಲೇ ಉಳಿಯುವ ಕೀ: ಎರಡು ವರ್ಷ ಬಳಸಿದ ಮೇಲೆ

ದಾವಣಗೆರೆಯ ಎಂಸಿಸಿ ಬಿ ಬ್ಲಾಕಿನ ನಮ್ಮ ಮನೆಗೆ ಸಣ್ಣ ಕಾರೊಂದು ಬಂದು ಎರಡು ವರ್ಷ ತುಂಬಿತು. ಕೆಳಗಿನ ವೇರಿಯಂಟ್ ಸಾಕೆಂದು ಮನೆಯಿಂದ ಹೊರಟಿದ್ದ ನಾನು ಶೋರೂಮಿನಲ್ಲಿ ಮನಸ್ಸು ಬದಲಿಸಿ ಮೇಲಿನದಕ್ಕೆ ಹಣ ಕಟ್ಟಿದ್ದು ಮುಖ್ಯವಾಗಿ ಅದರಲ್ಲಿದ್ದ ಕೀಲೆಸ್ ಎಂಟ್ರಿ ಮತ್ತು ಪುಶ್ ಸ್ಟಾರ್ಟ್ ಬಟನ್ನಿನ ಆಸೆಗೆ. ಮೈಲೇಜು, ಸೀಟು, ಸಸ್ಪೆನ್ಷನ್ ಕುರಿತು ಬರೆಯುವವರು ಬೇಕಾದಷ್ಟಿದ್ದಾರೆ. ಆದ್ದರಿಂದ ಕಾರನ್ನು ಬದಿಗಿಟ್ಟು, ಆ ಹೆಚ್ಚಿನ ಹಣಕ್ಕೆ ಬಂದ ಕೀಯನ್ನಷ್ಟೇ ಇಲ್ಲಿ ಪರಿಶೀಲಿಸುತ್ತೇನೆ.

ಮೊದಲು ಅನುಕೂಲದ ಮಾತು. ಮಂಡಿಪೇಟೆಯಲ್ಲಿ ತಿಂಗಳ ಸಾಮಾನು ಕೊಂಡು, ಎರಡೂ ಕೈಯಲ್ಲಿ ಚೀಲ ತೂಗಿಸಿಕೊಂಡು ಬಂದವನಿಗೆ ಬಾಗಿಲಿನ ಹಿಡಿಕೆಯ ಮೇಲಿರುವ ಕಪ್ಪು ರಬ್ಬರ್ ಗುಂಡಿಯನ್ನು ಬೆರಳ ತುದಿಯಲ್ಲಿ ಒತ್ತಿದರೆ ಸಾಕು ಎನ್ನುವುದು ಸಣ್ಣ ಸುಖವಲ್ಲ. ಕೀ ಜೇಬಿನಲ್ಲೇ ಇರುತ್ತದೆ, ಕಾರು ಅದನ್ನು ಗುರುತಿಸಿ ಬಾಗಿಲು ತೆಗೆಯುತ್ತದೆ. ಒಳಗೆ ಕೂತು ಬ್ರೇಕ್ ತುಳಿದು ಬಟನ್ ಒತ್ತಿದರೆ ಎಂಜಿನ್ ಚಾಲೂ ಆಗುತ್ತದೆ. ಎರಡು ವರ್ಷದಲ್ಲಿ ಈ ವ್ಯವಸ್ಥೆ ನನ್ನನ್ನು ಗುರುತಿಸದೆ ಸತಾಯಿಸಿದ್ದು ಬಹಳ ಅಪರೂಪ. ಎರಡನೆಯ ಬೇಸಿಗೆಯಲ್ಲಿ ನಮ್ಮೂರಿನ ಧೂಳು ಕೂತು ರಬ್ಬರ್ ಗುಂಡಿ ಸ್ವಲ್ಪ ಬಿಗಿಯಾಯಿತು, ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಸರಿಹೋಯಿತು. ಅನುಕೂಲದ ವಿಚಾರದಲ್ಲಿ ನನಗೆ ಇದಕ್ಕಿಂತ ದೊಡ್ಡ ತಕರಾರಿಲ್ಲ.

ತಕರಾರು ಇರುವುದು ಬೇರೆ ಕಡೆ, ಮತ್ತು ಅದನ್ನು ಹೇಳಬೇಕಾದರೆ ಕೀ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ವಿವರಿಸಬೇಕು. ನಾವು ಗುಂಡಿ ಒತ್ತಿದ ಕೂಡಲೇ ಕಾರು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ ಕಡಿಮೆ ಆವರ್ತನದಲ್ಲಿ ಒಂದು ಸಂಕೇತ ಕಳಿಸುತ್ತದೆ. ಅದು ಕಾರಿನಿಂದ ಒಂದೆರಡು ಮೀಟರ್ ದಾಟುವುದರೊಳಗೆ ಸೊರಗಿಹೋಗುತ್ತದೆ. ಅಷ್ಟರೊಳಗೆ ಇರುವ ಕೀ ಎಚ್ಚರಗೊಂಡು, ಕಾರು ಕೇಳಿದ ಸಂಖ್ಯೆಯನ್ನು ತನ್ನೊಳಗಿನ ಗುಪ್ತ ಸಂಖ್ಯೆಯೊಂದಿಗೆ ಬೆರೆಸಿ ಲೆಕ್ಕ ಹಾಕಿ, 433 ಮೆಗಾಹರ್ಟ್ಸ್ ಸುಮಾರಿನ ರೇಡಿಯೋ ಸಂಕೇತದಲ್ಲಿ ಉತ್ತರ ಕೊಡುತ್ತದೆ. ಪ್ರತಿ ಸಲವೂ ಪ್ರಶ್ನೆ ಹೊಸದಾಗಿರುವುದರಿಂದ ನಿನ್ನೆಯ ಉತ್ತರವನ್ನು ಯಾರಾದರೂ ಕದ್ದು ದಾಖಲಿಸಿಕೊಂಡಿದ್ದರೂ ಇಂದು ಅದು ಕೆಲಸಕ್ಕೆ ಬಾರದು. ಇಲ್ಲಿಯವರೆಗೆ ವ್ಯವಸ್ಥೆ ಜಾಣತನದ್ದೇ. ಆದರೆ ಕಾರು ನಿಜವಾಗಿ ಪರೀಕ್ಷಿಸುವುದು ಉತ್ತರ ಸರಿಯೋ ತಪ್ಪೋ ಎಂಬುದನ್ನು ಮಾತ್ರ. ಉತ್ತರ ಕೊಟ್ಟ ಕೀ ಹತ್ತಿರದಲ್ಲೇ ಇದೆಯೆಂಬುದನ್ನು ಅದು ಅಳೆದು ನೋಡುವುದಿಲ್ಲ, ಸಂಕೇತ ದೂರ ಹೋಗದೆಂಬ ನಂಬಿಕೆಯ ಮೇಲೆ ಊಹಿಸಿಕೊಳ್ಳುತ್ತದೆ. ನನ್ನ ಅನುಭವದ ಎಡವಟ್ಟುಗಳೆಲ್ಲ ಹುಟ್ಟಿದ್ದು ಕೀ ಎಲ್ಲಿದೆ ಎಂಬ ಈ ಒಂದು ಪ್ರಶ್ನೆಯ ಸುತ್ತಲೇ.

ಮೊದಲನೆಯದು ನಗೆಪಾಟಲಿನದು. ಕಳೆದ ವರ್ಷ ಚಿತ್ರದುರ್ಗದಲ್ಲಿ ನೆಂಟರ ಮನೆಯ ಮುಂದೆ ನಾನು ಇಳಿದುಕೊಂಡೆ. ನನ್ನ ಹೆಂಡತಿ ಚಾಲೂ ಇದ್ದ ಕಾರಿನ ಸ್ಟಿಯರಿಂಗಿಗೆ ಬಂದು, ಮಗನೊಂದಿಗೆ ದಾವಣಗೆರೆಯ ಕಡೆ ಹೊರಟಳು. ಕೀ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ಬಾಗಿಲು ಹಾಕಿದಾಗ ಕಾರು ಬೀಪ್ ಎಂದಿರಲೇಬೇಕು, ಆದರೆ ಹಿಂದೆ ನಿಂತಿದ್ದ ಲಾರಿಯ ಹಾರನ್ನಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಹೆದ್ದಾರಿಯಲ್ಲಿ ಸಲೀಸಾಗಿ ಸಾಗಿದವರು ಭರಮಸಾಗರದಲ್ಲಿ ಚಹಾಕ್ಕೆಂದು ನಿಲ್ಲಿಸಿ ಎಂಜಿನ್ ಬಂದ್ ಮಾಡಿದ್ದಾರೆ. ಅಲ್ಲಿಗೆ ಮುಗಿಯಿತು. "ರೀ, ಕೀ ನಿಮ್ ಜೇಬಿನಾಗೇ ಐತೇನ್ರೀ?" ಎಂಬ ಫೋನು ಬಂದಾಗ ನಾನು ಊಟದ ಎಲೆಯ ಮುಂದೆ ಕೂತಿದ್ದೆ. ಸಿಕ್ಕ ಬಸ್ಸು ಹತ್ತಿ, ನಿಂತುಕೊಂಡೇ ಭರಮಸಾಗರಕ್ಕೆ ಹೋಗಿ ಕೀ ತಲುಪಿಸಿದೆ. ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಕೀಯ ಸೆಲ್ ದಾರಿಯ ನಡುವೆ ಸತ್ತರೂ ಓಡುವ ಕಾರಿನ ಎಂಜಿನ್ ನಿಲ್ಲಬಾರದೆಂದು ತಯಾರಕರು ಬೇಕೆಂದೇ ಹೀಗೆ ಮಾಡುತ್ತಾರೆ. ಆದರೆ ಅರ್ಧ ತಾಸು ಮ್ಯೂಸಿಕ್ ಸಿಸ್ಟಮ್ ತೋರಿಸಿದ ಶೋರೂಮಿನವರು ಈ ಮಾತನ್ನು ಹೇಳಲು ಒಂದು ನಿಮಿಷ ಕೊಡಬಹುದಿತ್ತು.

ಅವರು ಹೇಳದೇ ಬಿಟ್ಟ ಇನ್ನೊಂದು ವಿಷಯ ಕೀ ಸತ್ತರೆ ಏನು ಮಾಡಬೇಕೆಂಬುದು. ಕೊಂಡ ಹದಿನಾಲ್ಕನೆಯ ತಿಂಗಳಿಗೆ, ಶಾಮನೂರು ರಸ್ತೆಯ ಕಲ್ಯಾಣ ಮಂಟಪವೊಂದರ ಮುಂದೆ, ರಾತ್ರಿ ಹತ್ತು ಗಂಟೆಗೆ ಕಾರು ನನ್ನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಒಂದು ವಾರದಿಂದ ಡ್ಯಾಶ್‌ಬೋರ್ಡಿನಲ್ಲಿ ಮಿನುಗುತ್ತಿದ್ದ ಎಚ್ಚರಿಕೆಯನ್ನು ನಾನೇ ನಿರ್ಲಕ್ಷಿಸಿದ್ದೆ. ಇಂಥ ಕೀಗಳೊಳಗೆ ಉಕ್ಕಿನ ಸಣ್ಣ ಕೀಯೊಂದು ಅಡಗಿರುತ್ತದೆ, ಚಾಲಕನ ಬಾಗಿಲಿನಲ್ಲಿ ಅದಕ್ಕೊಂದು ರಂಧ್ರವೂ ಇರುತ್ತದೆ. ಒಳಗೆ ಕೂತ ಮೇಲೆ ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದು ಒತ್ತಿದರೆ ಎಂಜಿನ್ ಏಳುತ್ತದೆ. ಸರಿಯಾದ ಕೀ ಇಲ್ಲದೆ ಎಂಜಿನ್ ಏಳದಂತೆ ಕಾಯುವ ಇಮ್ಮೊಬಿಲೈಸರಿನ ಚಿಪ್ಪೊಂದು ಕೀಯೊಳಗಿರುತ್ತದೆ; ಅದಕ್ಕೆ ತನ್ನದೇ ಸೆಲ್ ಬೇಕಿಲ್ಲ, ಅಷ್ಟು ಹತ್ತಿರದಲ್ಲಿ ಅದು ಕಾರಿನ ಸುರುಳಿಯಿಂದಲೇ ಶಕ್ತಿ ಪಡೆಯುತ್ತದೆ. ಇದನ್ನೆಲ್ಲ ನಾನು ಕಲಿತದ್ದು ಮದುವೆಗೆ ಬಂದಿದ್ದ ಅಪರಿಚಿತ ಡ್ರೈವರ್ ಒಬ್ಬರಿಂದ. ಮರುದಿನ ಅಶೋಕ ರಸ್ತೆಯ ಗಡಿಯಾರದ ಅಂಗಡಿಯೊಂದರಲ್ಲಿ ಸಿಆರ್ 2032 ಎಂಬ ಮೂರು ವೋಲ್ಟಿನ ಬಿಲ್ಲೆ ಸೆಲ್ ಹಾಕಿಸಿಕೊಂಡೆ. ಅಂಗಡಿಯ ಹಿರಿಯರು ಕೀಯ ಹೊದಿಕೆಗೆ ಒಂದು ಗೀರೂ ಬೀಳದಂತೆ ಉಗುರಿನಲ್ಲೇ ಬಿಡಿಸಿ, ಎರಡು ನಿಮಿಷದಲ್ಲಿ ಕೆಲಸ ಮುಗಿಸಿ, ಐವತ್ತು ರೂಪಾಯಿ ತೆಗೆದುಕೊಂಡರು. ಸರ್ವಿಸ್ ಸೆಂಟರಿನಲ್ಲಿ ಇದೇ ಕೆಲಸಕ್ಕೆ ಅದರ ಹಲವು ಪಟ್ಟು ಕೇಳಿದ್ದರು.

ಸೆಲ್ ಅಷ್ಟು ಬೇಗ ಮುಗಿದದ್ದೇಕೆ ಎಂದು ಹುಡುಕಹೋದಾಗ ನಿಜವಾದ ಸಮಸ್ಯೆ ಕಣ್ಣಿಗೆ ಬಿತ್ತು. ನಮ್ಮ ಕೀ ನೇತುಹಾಕುವ ಮೊಳೆ ಹಜಾರದ ಬಾಗಿಲಿನ ಪಕ್ಕದಲ್ಲಿದೆ, ಗೋಡೆಯ ಆಚೆಗೇ ಕಾರು ನಿಲ್ಲುತ್ತದೆ. ಬರಿಗೈಯಲ್ಲಿ ಹೊರಗೆ ಹೋಗಿ ಆ ಬದಿಯ ಹಿಡಿಕೆಯ ಗುಂಡಿ ಒತ್ತಿದೆ. ಬಾಗಿಲು ತೆರೆಯಿತು. ಎರಡು ವರ್ಷದ ಬಹುಪಾಲು ರಾತ್ರಿ ನಮ್ಮ ಕಾರು, ಆ ಗುಂಡಿಯನ್ನು ಒತ್ತಿದ ಯಾರಿಗಾದರೂ ತೆರೆಯುವ ಸ್ಥಿತಿಯಲ್ಲಿ ಬೀದಿಯ ಬದಿ ನಿಂತಿತ್ತು.

ಮೊಳೆಯನ್ನು ಒಳಕೋಣೆಗೆ ಸಾಗಿಸಿದರೆ ಅರ್ಧ ತೊಂದರೆ ಮಾತ್ರ ತೀರುತ್ತದೆ. ಉಳಿದರ್ಧಕ್ಕೆ ರಿಲೇ ದಾಳಿ ಎಂದು ಹೆಸರು. ಒಬ್ಬ ಕಾರಿನ ಹತ್ತಿರ, ಇನ್ನೊಬ್ಬ ಆಂಟೆನಾ ಹಿಡಿದು ಮನೆಯ ಗೋಡೆಯ ಹತ್ತಿರ ನಿಲ್ಲುತ್ತಾರೆ. ಕಾರಿನ ಸೊರಗಿದ ಸಂಕೇತವನ್ನು ಇವರ ಉಪಕರಣಗಳು ಹಿಗ್ಗಿಸಿ ಕೀಯ ತನಕ ಒಯ್ಯುತ್ತವೆ, ಕೀಯ ಉತ್ತರ ಕಾರಿಗೆ ತಲುಪುತ್ತದೆ. ಗುಪ್ತ ಸಂಖ್ಯೆಯನ್ನು ಯಾರೂ ಒಡೆಯಬೇಕಿಲ್ಲ. ಹೆಬ್ಬಾಗಿಲಿನ ತಂಟೆಗೆ ಹೋಗದೆ ಕಿಂಡಿಯಲ್ಲಿ ನುಸುಳಿದವರ ಕಥೆ, 1997ರ ತನಕ ಒಂದೇ ಜಿಲ್ಲೆಯಲ್ಲಿದ್ದ ನಮಗೂ ದುರ್ಗದವರಿಗೂ ಹೊಸದೇನಲ್ಲ. ಇಲ್ಲಿ ಒನಕೆ ಹಿಡಿದು ನಿಲ್ಲುವವರು ಇಲ್ಲ ಅಷ್ಟೇ. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ಸಂಶೋಧಕರು 8 ತಯಾರಕರ 10 ಮಾದರಿಯ ಕಾರುಗಳನ್ನು ಹೀಗೆ ಪರೀಕ್ಷಿಸಿ, ಹತ್ತೂ ಕಾರುಗಳು ಮೋಸಹೋದದ್ದನ್ನು 2011ರಲ್ಲೇ ಪ್ರಕಟಿಸಿದ್ದರು. ಗುಪ್ತ ಸಂಖ್ಯೆ ದುರ್ಬಲವಾಗಿದ್ದರೆ ಇಷ್ಟೂ ಕಷ್ಟವಿಲ್ಲ: ಟೆಸ್ಲಾ ಮಾಡೆಲ್ ಎಸ್ ಕಾರಿನ ಕೀ ಆಗ 40 ಬಿಟ್ಟಿನ ಹಳೆಯ ಗೂಢಲಿಪಿಯನ್ನು ನಂಬಿಕೊಂಡಿದ್ದರಿಂದ, ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದವರು 2018ರಲ್ಲಿ ಅದನ್ನು ಸೆಕೆಂಡುಗಳಲ್ಲಿ ನಕಲು ಮಾಡಿ ತೋರಿಸಿದರು.

ಅಡುಗೆಮನೆಯಲ್ಲಿ ನಾನೂ ಒಂದು ಪರೀಕ್ಷೆ ಮಾಡಿದೆ. ಕೀಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಕಾರಿನ ಪಕ್ಕ ನಿಂತರೆ ಬಾಗಿಲು ಎಂದಿನಂತೆ ತೆರೆಯಿತು. ಸಾಸಿವೆ ಹಾಕಿಡುವ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿಯಾಗಿ ಒತ್ತಿದಾಗ ಹತ್ತು ಸಲದಲ್ಲಿ ಒಂದು ಸಲವೂ ತೆರೆಯಲಿಲ್ಲ. ಮುಚ್ಚಳ ಓರೆಯಾಗಿದ್ದಾಗ ಮಾತ್ರ ಎರಡು ಸಲ ತೆರೆಯಿತು, ಏಕೆಂದರೆ ರೇಡಿಯೋ ಉತ್ತರ ಹೊರಬೀಳಲು ಸಣ್ಣ ಸಂದು ಸಾಕು. ಸಂಕೇತ ತಡೆಯುವ ಚೀಲಗಳೂ ಮಾರಾಟಕ್ಕಿವೆ. ನಾನು ತರಿಸಿದ ಚೀಲ ಆರು ತಿಂಗಳು ಚೆನ್ನಾಗಿತ್ತು, ಆಮೇಲೆ ಮಡಿಕೆಯಲ್ಲಿ ಒಳಪದರ ಹರಿದು ಸಾಮಾನ್ಯ ಚೀಲವಾಯಿತು. ಆದ್ದರಿಂದ ಚೀಲಕ್ಕಿಂತ ಡಬ್ಬಿಯೇ ವಾಸಿ. ಸೆಟ್ಟಿಂಗ್ಸ್‌ನಲ್ಲಿ ಕೀಲೆಸ್ ಸೌಲಭ್ಯವನ್ನು ಬಂದ್ ಮಾಡುವ ಅವಕಾಶ ಕೆಲವು ಕಾರುಗಳಲ್ಲಿದೆ, ನಮ್ಮದರಲ್ಲೂ ಇದೆ. ಊರು ಬಿಟ್ಟು ಹೋಗುವಾಗ ನಾನು ಅದನ್ನೂ ಮಾಡುತ್ತೇನೆ.

ಎರಡನೆಯ ಕೀಯ ವಿಷಯದಲ್ಲೂ ಹುಷಾರಾಗಿರಬೇಕು. ಕಳೆದರೆ ಹೊಸದಕ್ಕೆ ಹತ್ತು ಸಾವಿರಕ್ಕೂ ಮಿಗಿಲಾಗುತ್ತದೆಂದು ಸರ್ವಿಸ್ ಸೆಂಟರಿನಲ್ಲಿ ನನಗೆ ಹೇಳಿದರು. ರಸ್ತೆ ಬದಿಯಲ್ಲಿ ಅರದಿಂದ ಉಜ್ಜಿ ಕೊಡುವ ಕೀ ಇದಲ್ಲ, ಹೊಸದನ್ನು ಕಾರಿನ ಕಂಪ್ಯೂಟರಿಗೆ ಪರಿಚಯಿಸಬೇಕು. ಕಾರು ಕಳುವಾದರೆ ವಿಮಾ ಕಂಪನಿಯವರು ಸಾಮಾನ್ಯವಾಗಿ ಎರಡೂ ಕೀಗಳನ್ನು ಕೇಳುತ್ತಾರೆ ಎಂಬುದೂ ನೆನಪಿರಲಿ.

ಹಾಗಾದರೆ ಮೇಲಿನ ವೇರಿಯಂಟಿಗೆ ಹಣ ಕೊಡಬಹುದೇ? ವಯಸ್ಸಾದವರು, ಮಂಡಿನೋವಿನವರು, ಮಕ್ಕಳನ್ನು ಎತ್ತಿಕೊಂಡು ಓಡಾಡುವವರು ಮನೆಯಲ್ಲಿದ್ದರೆ ಕೊಡಬಹುದು. ಕಾರು ಗೇಟಿನ ಒಳಗೆ ನಿಲ್ಲುವುದಾದರೆ ಇನ್ನೂ ಒಳ್ಳೆಯದು. ಬೀದಿಯಲ್ಲೇ ನಿಲ್ಲಿಸುವವರು ಬಟನ್ ಒತ್ತುವ ಸಾಮಾನ್ಯ ರಿಮೋಟಿಗೆ ತೃಪ್ತರಾಗುವುದು ಮೇಲೆಂದು ನನ್ನ ಅಭಿಪ್ರಾಯ; ನಾವು ಒತ್ತುವ ತನಕ ಅದು ಬಾಯಿ ಬಿಡುವುದಿಲ್ಲ. ಕೊಳ್ಳುವವರು ಶೋರೂಮಿನಲ್ಲಿ ಎರಡು ಪ್ರಶ್ನೆ ಕೇಳಲೇಬೇಕು. ಅಲುಗಾಡದೆ ಬಿದ್ದಿರುವಾಗ ಕೀ ತಾನೇ ನಿದ್ದೆಗೆ ಜಾರುತ್ತದೆಯೇ? ಅಂಥ ಚಲನೆಯ ಸೆನ್ಸರ್ ಇದ್ದರೆ ರಾತ್ರಿ ಮೊಳೆಗೆ ನೇತಾಡುವ ಕೀ ಯಾರ ಪ್ರಶ್ನೆಗೂ ಉತ್ತರಿಸುವುದಿಲ್ಲ. ಇನ್ನೊಂದು, ಅದರಲ್ಲಿ ಅಲ್ಟ್ರಾ ವೈಡ್‌ಬ್ಯಾಂಡ್ ಇದೆಯೇ? ಈ ತಂತ್ರಜ್ಞಾನ ಸಂಕೇತ ಹೋಗಿ ಬರುವ ಹೊತ್ತನ್ನೇ ಅಳೆಯುತ್ತದೆ. ರೇಡಿಯೋ ತರಂಗ ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಮಾತ್ರ ಸಾಗುವುದರಿಂದ, ಕಳ್ಳರು ಸಂಕೇತವನ್ನು ಎಷ್ಟೇ ಹಿಗ್ಗಿಸಿದರೂ ತಡವಾದ ಉತ್ತರ ದೂರವನ್ನು ಬಯಲು ಮಾಡುತ್ತದೆ. ಫೋನನ್ನೇ ಕೀಯಾಗಿ ಬಳಸುವ ಡಿಜಿಟಲ್ ಕೀ 3.0 ಮಾನದಂಡ 2021ರಲ್ಲಿ ಇದನ್ನು ಸೇರಿಸಿಕೊಂಡಿತು, ಆದರೆ ನಮ್ಮ ಬಜೆಟ್ಟಿನ ಕಾರಿನಲ್ಲಿ ಅದಿರಲಿಲ್ಲ.

ಹೋದ ತಿಂಗಳು ಸರ್ವಿಸಿಗೆ ಹೋದಾಗ ಈ ಎರಡೂ ಪ್ರಶ್ನೆಗಳನ್ನು ಅಲ್ಲಿನ ಹುಡುಗನಿಗೆ ಕೇಳಿದೆ. ಮೊದಲನೆಯದಕ್ಕೆ "ಇಲ್ಲ ಸರ್" ಎಂದ. ಎರಡನೆಯದಕ್ಕೆ ಒಳಗೆ ಹೋಗಿ ಕೇಳಿಕೊಂಡು ಬಂದು ಅದನ್ನೇ ಹೇಳಿದ. ಸಾಸಿವೆ ಡಬ್ಬಿಯನ್ನು ವಾಪಸ್ ಕೊಡಿರೆಂದು ಹೆಂಡತಿ ಕೇಳುತ್ತಲೇ ಇದ್ದಾಳೆ, ಸದ್ಯಕ್ಕೆ ಕೊಡುವ ಹಾಗಿಲ್ಲ.