ಬಂದರಿನ ಹಳೇ ಪುಸ್ತಕದ ಅಂಗಡಿ: ವಾನ್ಸ್‌ಬ್ರೋ ಪಕ್ಕದಲ್ಲೇ ಅಝ್ಮಿ

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬಂದರಿನ ಕಡೆ ನಡೆದರೆ, ಒಂದು ಗೋದಾಮಿನ ಮಹಡಿಯಲ್ಲಿ ಈ ಅಂಗಡಿ ಇದೆ. ಬೋರ್ಡ್ ಇಲ್ಲ. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ, ಜಾಗ್ರತೆ.

ಮಗಳು ಕೊಣಾಜೆಯಲ್ಲಿ ಎಂ.ಎ. ಇತಿಹಾಸ ಓದುತ್ತಿದ್ದಾಳೆ. ಕುರ್‌ಆನ್ ಬಗ್ಗೆ ಪಾಶ್ಚಾತ್ಯ ವಿದ್ವಾಂಸರು ಬರೆದದ್ದು ಬೇಕು ಅಂದಳು. ನನಗೆ ಸ್ವಲ್ಪ ಹೆದರಿಕೆಯೇ ಆಯಿತು. ಅಂಗಡಿಯವರು ಜಾನ್ ವಾನ್ಸ್‌ಬ್ರೋ ಅವರ 1977ರ ಪುಸ್ತಕ ತೆಗೆದರು. ಜೊತೆಗೇ ಅಂಥವರಿಗೆ ಉತ್ತರವಾಗಿ ಮುಸ್ಲಿಂ ವಿದ್ವಾಂಸ ಮುಸ್ತಫಾ ಅಝ್ಮಿ 2003ರಲ್ಲಿ ತಂದ ಪುಸ್ತಕವನ್ನೂ ಇಟ್ಟರು. "ಒಂದನ್ನೇ ಒಯ್ಯಬೇಡಿ" ಅಂದರು. ಎರಡಕ್ಕೂ ಸೇರಿ ವಾರಕ್ಕೆ 60 ರೂಪಾಯಿ ಬಾಡಿಗೆ. ಈ ಮಾತಿಗಾಗಿಯೇ ನಾನು ಅಂಗಡಿಯನ್ನು ಮೆಚ್ಚಿಕೊಂಡೆ.

ಕುರ್‌ಆನ್ ಈಗಿನ ರೂಪಕ್ಕೆ ಬಂದದ್ದು ಪ್ರವಾದಿಯವರ ನಂತರ ಒಂದೂವರೆ, ಎರಡು ಶತಮಾನ ಕಳೆದ ಮೇಲೆ ಅನ್ನುವುದು ವಾನ್ಸ್‌ಬ್ರೋ ವಾದ. ಆ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಕನ್ನಡದಲ್ಲೇ ಬರೆದಿದ್ದಾರೆ: "ಸಾಕ್ಷಿ ಎಲ್ಲಿ?" ಕೆಳಗೆ ಬೇರೆ ಅಕ್ಷರ, ನೀಲಿ ಪೆನ್ನು: "ಬರ್ಮಿಂಗ್‌ಹ್ಯಾಮ್ ನೋಡಿ." ಮಗಳು ಹುಡುಕಿದಳು. ಅಲ್ಲಿನ ವಿಶ್ವವಿದ್ಯಾಲಯದಲ್ಲಿರುವ ಕುರ್‌ಆನಿನ ಎರಡು ಹಾಳೆಗಳ ಚರ್ಮ 568ರಿಂದ 645ರ ನಡುವಿನದ್ದು, ಅಂದರೆ ಹೆಚ್ಚುಕಡಿಮೆ ಪ್ರವಾದಿಯವರ ಕಾಲದ್ದು, ಎಂದು 2015ರಲ್ಲಿ ಪ್ರಕಟವಾಯಿತು. "ಅದು ಚರ್ಮದ ವಯಸ್ಸು ಅಮ್ಮಾ, ಶಾಯಿಯದ್ದಲ್ಲ" ಅಂದಳು. ಸರಿಯೇ. ಆದರೂ ಎರಡು ಶತಮಾನದ ವಾದಕ್ಕೆ ಅದು ಪೆಟ್ಟು ಅಲ್ವಾ? ಪಶ್ಚಿಮದಲ್ಲೇ ತುಂಬಾ ಜನ ಆ ವಾದವನ್ನು ಒಪ್ಪುವುದಿಲ್ಲ.

ಅಝ್ಮಿ ಬಾಯಿಪಾಠದ ಬಗ್ಗೆ ಬರೆದದ್ದು ಓದುವಾಗ ನನಗೆ ಮದ್ರಸದ ಉಸ್ತಾದ್ ನೆನಪಾದರು. ಒಂದು ಪುಟ್ಟ ಸೂರಾದ (ಕುರ್‌ಆನಿನ ಅಧ್ಯಾಯದ) ಮೊದಲ ಮಾತು "ಇಝಾ ಜಾಅ" ಅನ್ನುವಾಗ "ಜಾ" ಸ್ವಲ್ಪ ಕಡಿಮೆ ಎಳೆದರೂ ಸಾಕು, ಕಣ್ಣು ಮುಚ್ಚಿಕೊಂಡೇ ಬೆರಳು ಎತ್ತುತ್ತಿದ್ದರು. ಸೂರಾ ಮತ್ತೆ ಮೊದಲಿನಿಂದ. ಹಾಳೆ ಮಾತ್ರ ನೋಡುವವರಿಗೆ ಆ ಬೆರಳು ಕಾಣುವುದಿಲ್ಲ. ನನ್ನ ತಕರಾರು ಇಷ್ಟೇ, ಬಿಡುವವಳಲ್ಲ.

ಆದರೆ ಜರ್ಮನ್ ವಿದ್ವಾಂಸ ನೋಲ್ಡೆಕೆ ಬೇರೆ. 1860ರಲ್ಲೇ ಅವರು ಮಕ್ಕಾದ ಸೂರಾಗಳನ್ನು ಶೈಲಿ ನೋಡಿ ಮೂರು ಕಾಲಕ್ಕೆ ಹಂಚಿದರು. ಮಗಳು ಅದನ್ನು ವಿವರಿಸಿದ ಮೇಲೆ, ದಿನಾ ಓದುವ ಪುಟ್ಟ ಸೂರಾಗಳ ಓಟವೇ ನನಗೆ ಹೊಸದಾಗಿ ಕೇಳಿಸಿತು.

ತೇವಕ್ಕೆ ವಾನ್ಸ್‌ಬ್ರೋ ಪುಸ್ತಕದ ಕೊನೆಯ ಪುಟಗಳು ಅಂಟಿಕೊಂಡಿವೆ. ಬೆಳಕೂ ಸಾಲದು, ಕನ್ನಡಕ ತೆಗೆದುಕೊಂಡು ಹೋಗಿ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಅಝ್ಮಿ ಪುಸ್ತಕ ಇನ್ನೂ ನಮ್ಮ ಮನೆಯಲ್ಲೇ ಇದೆ. ಬೇಕಾದವರು ಮುಂದಿನ ವಾರ ಕೇಳಿ, ಅಷ್ಟರಲ್ಲಿ ಕೊಟ್ಟಿರುತ್ತೇನೆ.